ಮಾತಿನ ಕ್ಲಾಸಿಗೆ ಮಾತ್ರ ಕೈಕೊಡುತ್ತಿದ್ದ ವೈಫೈ

ನಮ್ಮ ಮನೆಯ ವೈಫೈಗೆ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ದಿನವಿಡೀ ಸರಿಯಾಗಿಯೇ ಇರುತ್ತಿತ್ತು. ನನ್ನ ಗಂಡನ ಮಾತಿನ ಕ್ಲಾಸು ಶುರುವಾಗಿ ಸ್ವಲ್ಪ ಹೊತ್ತಾಯಿತೋ ಇಲ್ಲವೋ, ಲ್ಯಾಪ್‌ಟಾಪ್ ಕಂಪ್ಯೂಟರಿನಿಂದ ನೆಟ್ಟು ಮಾಯವಾಗುತ್ತಿತ್ತು. ಪರದೆಯ ಮೇಲಿನ ಮೇಡಂ ಬಾಯಿ ತೆರೆದದ್ದು ತೆರೆದಂತೆಯೇ ಕಲ್ಲಾಗಿ ಬಿಡುತ್ತಿದ್ದರು.

ಪಾರ್ಶ್ವವಾಯು ಬಡಿದು ನನ್ನ ಗಂಡನ ಬಲಗೈ, ಬಲಗಾಲು ಸೋತಿದ್ದವು. ಅದರ ಜೊತೆಗೆ ಮಾತೂ ಹೋಯಿತು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಹೇಳಬೇಕೆಂದದ್ದು ಬಾಯಿಗೆ ಬರುವುದಿಲ್ಲ. ಮಣಿಪಾಲದಲ್ಲಿ ಚಿಕಿತ್ಸೆ ಮುಗಿಸಿ ಕಾಪುವಿನ ಮನೆಗೆ ಕರೆತಂದ ಮೇಲೆ, ವಾರವಾರವೂ ಅವರನ್ನು ಕಾರಿಗೆ ಹತ್ತಿಸಿ ಇಳಿಸುವುದು ನನ್ನೊಬ್ಬಳಿಂದ ಆಗುವಂತಿರಲಿಲ್ಲ. ಅದಕ್ಕೆ ಮಾತು ಕಲಿಸುವ ಮೇಡಂ ಕಂಪ್ಯೂಟರಿನಲ್ಲೇ ಪಾಠ ಮಾಡಲು ಒಪ್ಪಿದರು. ಮೊದಲ ಕೆಲವು ತಿಂಗಳು ಬಹಳ ಮುಖ್ಯ, ಕ್ಲಾಸು ತಪ್ಪಿಸಬೇಡಿ ಎಂದು ಎರಡೆರಡು ಬಾರಿ ಹೇಳಿದ್ದರು. ಆ ಮಾತು ನನ್ನ ಎದೆಯಲ್ಲಿ ಕುಳಿತಿತ್ತು. ಒಂದು ಕ್ಲಾಸು ತಪ್ಪಿದರೆ ಒಂದು ಮಾತು ಶಾಶ್ವತವಾಗಿ ಹೋದಂತೆ ನನಗೆ ಹೆದರಿಕೆಯಾಗುತ್ತಿತ್ತು.

ಮಾತು ಹೋದದ್ದಾದರೂ ಯಾರದ್ದು! ಉಡುಪಿಯಿಂದ ಪಡುಬಿದ್ರಿಗೆ ಓಡುವ ಬಸ್ಸಿನ ಫುಟ್‌ಬೋರ್ಡಿನಲ್ಲಿ ಪ್ರಾಯವೆಲ್ಲ ಕಳೆದ ಕಂಡಕ್ಟರ್ ಅವರು. ನಮ್ಮ ಬಸ್ಸಿಗೆ ಹಾರ್ನ್ ಯಾಕೆ ಎಂದು ಡ್ರೈವರೇ ತಮಾಷೆ ಮಾಡುತ್ತಿದ್ದರಂತೆ. ನಾನು ಆಗ ಉದ್ಯಾವರದ ಹತ್ತಿರದ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ತವರುಮನೆ ಎರ್ಮಾಳ್. ಸಂಜೆ ಅದೇ ಬಸ್ಸಿನಲ್ಲಿ ಹಿಂದಿರುಗುವಾಗ ಎಲ್ಲರಿಗೂ ಬರೀ ಊರಿನ ಹೆಸರು ಕೂಗುತ್ತಿದ್ದ ಮನುಷ್ಯ, ನನ್ನ ಸ್ಟಾಪಿನಲ್ಲಿ ಮಾತ್ರ ದನಿ ತಗ್ಗಿಸಿ "ಎರ್ಮಾಳ್... ಟೀಚರ್, ಜಪ್ಪುಲೆ" ಅನ್ನುತ್ತಿದ್ದರು. ಇಳಿಯಿರಿ ಎಂಬುದನ್ನು ತುಳುವಿನಲ್ಲಿ ಅಷ್ಟು ಮರ್ಯಾದೆಯಿಂದ ಬೇರಾವ ಕಂಡಕ್ಟರ್ ಹೇಳಿದ್ದನ್ನೂ ನಾನು ಕೇಳಿಲ್ಲ. ಮದುವೆಯಾದ ಮೇಲೂ ನಾನು ಅವರಿಗೆ ಟೀಚರೇ. ಹೆಸರು ಹಿಡಿದು ಕರೆದದ್ದು ನೆನಪಿಲ್ಲ.

ಮನೆಯಲ್ಲಿ ನಾವು ಆಡುವುದು ತುಳು. ಆದರೆ ಡಾಕ್ಟರು, ಬ್ಯಾಂಕು, ಕಂಪ್ಯೂಟರು ಎದುರಿಗೆ ಬಂದರೆ ನಮ್ಮವರ ನಾಲಗೆ ತಾನಾಗಿ ಕನ್ನಡಕ್ಕೆ ತಿರುಗುತ್ತದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಂತೆ. ಯಾವ ಭಾಷೆಯಲ್ಲಿ ಕಲಿಸಲಿ ಎಂದು ಮೇಡಂ ಮೊದಲ ದಿನವೇ ಕೇಳಿದ್ದರು. ಅವರು ಘಟ್ಟದ ಮೇಲಿನವರು, ತುಳು ಬಾರದು. "ಕನ್ನಡವೇ ಆಗ್ತದೆ ಮೇಡಂ, ನಮ್ಮವರಿಗೆ ಚೆನ್ನಾಗಿ ಬರ್ತದೆ" ಎಂದು ನಾನೇ ಠೀವಿಯಿಂದ ಹೇಳಿದ್ದೆ.

ಪರದೆಯ ಮೇಲೆ ಕೊಡೆಯ ಚಿತ್ರ ಬರುತ್ತಿತ್ತು. ಲೋಟ ಬರುತ್ತಿತ್ತು. ಬೀಗ ಬರುತ್ತಿತ್ತು. ಇವರ ಬಾಯಿಂದ "ತೊ... ತೊ..." ಎಂಬ ಒಂದೇ ಸದ್ದು. ಎಡಗೈಯಲ್ಲಿ ಯಾವಾಗಲೂ ಬೈರಾಸು, ಕಟವಾಯಿಯ ಜೊಲ್ಲು ಒರೆಸಿಕೊಳ್ಳಲಿಕ್ಕೆ. ನಾನು ಪಕ್ಕದಲ್ಲಿ ಕುಳಿತು "ಕೊ... ಕೊಡೆ, ಹೇಳಿ, ಕೊಡೆ" ಎಂದು ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಟ್ಟಂತೆ ಹೇಳಿಕೊಡುತ್ತಿದ್ದೆ. ಅಷ್ಟರಲ್ಲಿ ನೆಟ್ಟು ಹೋಗುತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮೊದಲು ದೂರಿದ್ದು ಗೋಡೆಯನ್ನು. ಕೆಂಪುಕಲ್ಲಿನ ದಪ್ಪ ಗೋಡೆ ಸಿಗ್ನಲನ್ನು ತಡೆಯುತ್ತದೆ ಎಂದು ಯಾರೋ ಹೇಳಿದ್ದರಿಂದ ರೂಟರನ್ನು ಟಿವಿ ಸ್ಟ್ಯಾಂಡಿನಿಂದ ಕಿಟಕಿಯ ದಂಡೆಗೆ ತಂದೆ. ಆಮೇಲೆ ಕನ್ನಡಿ ಇರುವ ಕಬ್ಬಿಣದ ಕಪಾಟಿನ ಮೇಲೆ ಸಂಶಯ ಬಂತು. ಪಕ್ಕದ ಮನೆಯವರನ್ನು ಕರೆದು ಅದನ್ನು ಬೇರೆ ಕೋಣೆಗೆ ಎಳೆಸಿದೆ. ರೂಟರನ್ನು ಆಫ್ ಮಾಡಿ ಆನ್ ಮಾಡಿದೆ. ಕಂಪ್ಯೂಟರಿನಲ್ಲಿ ನಮ್ಮ ಮನೆಯ ನೆಟ್‌ವರ್ಕನ್ನೇ ಅಳಿಸಿ, ಪಾಸ್‌ವರ್ಡ್ ಹೊಸದಾಗಿ ಹಾಕಿದೆ. ಒಂದು ಮಾತ್ರ ನನಗೆ ಬಗೆಹರಿಯಲಿಲ್ಲ. ಕಂಪ್ಯೂಟರಿನಲ್ಲಿ ನೆಟ್ಟಿಲ್ಲದಾಗಲೂ ನನ್ನ ಮೊಬೈಲಿನಲ್ಲಿ ಅದೇ ವೈಫೈ ಚೆನ್ನಾಗಿ ಬರುತ್ತಿತ್ತು. ಮತ್ತೊಂದು, ಕ್ಲಾಸಿನ ಹೊತ್ತು ಕಳೆದು ಇವರು ಯಕ್ಷಗಾನ ನೋಡಲು ಕುಳಿತಾಗ ಕಂಪ್ಯೂಟರಿಗೂ ತಾನಾಗಿ ನೆಟ್ಟು ಬಂದಿರುತ್ತಿತ್ತು.

ಕಡೆಗೆ ನೆಟ್ಟಿನ ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ ಬೈದೆ. ಅವರ ಕಡೆಯ ಒಬ್ಬರು, ಕ್ಲಾಸು ಆಗಷ್ಟೇ ನಿಂತು ನಾನು ಕುದಿಯುತ್ತಿದ್ದ ಹೊತ್ತಿಗೆ ಬಂದರು.

"ಲೈನ್ ಸರಿ ಉಂಟು ಟೀಚರ್. ರೂಟರಿಗೆ ಎಂತ ಆಗಿಲ್ಲ," ಎಂದು ಅವರು ಕಂಪ್ಯೂಟರಿನ ಕಡೆ ಬಗ್ಗಿದರು. "ಇದರದ್ದೇ ವೈಫೈ ಆಫ್ ಆದದ್ದು. ಕೀಬೋರ್ಡಿನ ಈ ಮೇಲಿನ ಸಾಲಿನ ಬಟನ್ ನೋಡಿ, ಲೈಟ್ ಹಳದಿ ಆಗಿದೆ ಅಲ್ವಾ? ಕೈ ತಾಗಿರ್ಬೇಕು." ಒತ್ತಿದರು. ದೀಪ ಬೆಳ್ಳಗಾಯಿತು, ನೆಟ್ಟು ಬಂತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನನ್ನ ಕಥೆ. ಧೂಳು ಒರೆಸುವಾಗ ನನ್ನದೇ ಕೈ ತಾಗುತ್ತಿರಬೇಕು ಎಂದುಕೊಂಡೆ.

ಮುಂದಿನ ಕ್ಲಾಸಿನಲ್ಲಿ ನಾನು ಪರದೆ ಬಿಟ್ಟು ಆ ದೀಪವನ್ನೇ ನೋಡುತ್ತಾ ಕುಳಿತೆ. ಬೀಗದ ಚಿತ್ರ ಬಂತು. ಇವರು "ತೊ" ಎಂದರು. ನಾನು "ಬೀಗ" ಎಂದೆ. ಬೈರಾಸು ಹಿಡಿದ ಎಡಗೈ ಬಾಯಿಯಿಂದ ಇಳಿದು ಕೀಬೋರ್ಡಿನ ಮೇಲೆ ಬಂತು. ಬಟ್ಟೆಯ ಅಡಿಯಲ್ಲಿ ಒಂದು ಬೆರಳು ಮೆಲ್ಲಗೆ ಮೇಲಕ್ಕೆ ಸರಿಯಿತು. ದೀಪ ಹಳದಿಯಾಯಿತು.

"ನೀವಾ?" ಎಂದು ಕಿರುಚಿದೆ. ಗೋಡೆ, ಕಪಾಟು, ಫೋನಿನಲ್ಲಿ ಬೈಸಿಕೊಂಡವರು ಎಲ್ಲ ಒಟ್ಟಿಗೆ ನೆನಪಾಗಿ ಮೈಯೆಲ್ಲ ಉರಿಯಿತು. "ನಾನು ಇಲ್ಲಿ ಸಾಯ್ತಾ ಇದ್ದೇನೆ, ನಿಮಗೆ ಮಾತು ಬೇಡವಾ?"

ಅವರು ನನ್ನನ್ನು ನೋಡಲಿಲ್ಲ. ಬೈರಾಸನ್ನು ಮುಖಕ್ಕೆ ಒತ್ತಿಕೊಂಡರು. ಆ ಬಟ್ಟೆ ಅಲುಗುತ್ತಿದ್ದುದನ್ನು ಕಂಡು ನನ್ನ ಸಿಟ್ಟು ಜರ್ರನೆ ಇಳಿಯಿತು. ಮೊದಲ ಸಲ ನಿಜವಾಗಿಯೂ ಕೈ ತಾಗಿಯೇ ಮೇಡಂ ಮಾಯವಾಗಿರಬೇಕು. ಆಮೇಲೆ ಅದೇ ಅವರಿಗೆ ಉಳಿದ ಒಂದೇ ದಾರಿಯಾಗಿರಬೇಕು. ತುಂಬಿದ ಬಸ್ಸನ್ನು ಬಾಯಿಂದಲೇ ಆಳಿದವರು ಒಂದು ಕೊಡೆಯ ಹೆಸರಿಗಾಗಿ ಹೆಂಡತಿಯ ಮುಂದೆ, ಮಗಳ ಪ್ರಾಯದ ಮೇಡಂ ಮುಂದೆ ಒದ್ದಾಡಬೇಕಿತ್ತು. ಇನ್ನೇನು ಮಾಡಿಯಾರು? ನಾನೂ ಅತ್ತೆ.

ಮೇಡಂಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೇಸರಿಸಲಿಲ್ಲ.

"ಸ್ವಲ್ಪ ದಿನ ಚಿತ್ರ ಬಿಡೋಣ ಅಮ್ಮ," ಎಂದರು. "ಯೋಚನೆ ಮಾಡದೆ ಬಾಯಿಗೆ ಬರ್ತಿದ್ದ ಮಾತು ಯಾವುದಾದರೂ ಇದೆಯಾ? ದೇವರ ನಾಮ, ಮಗ್ಗಿ, ಅಂಥದ್ದು? ಮನೆಮಾತಲ್ಲೇ ಇರಲಿ."

ದೇವರ ನಾಮಕ್ಕೂ ಇವರಿಗೂ ದೂರ. ಮಗ್ಗಿಗೆ ಇನ್ನೂ ದೂರ. ಆದರೆ ಯೋಚಿಸದೆ ಬಾಯಿಗೆ ಬರುತ್ತಿದ್ದದ್ದು ಏನು ಎಂಬುದನ್ನು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ.

ಮುಂದಿನ ಕ್ಲಾಸಿನ ದಿನ ಸಂಜೆ ಮೋಡ ಕಟ್ಟಿತ್ತು. ಮೇಡಂ ಪರದೆಗೆ ಬಂದು ಸುಮ್ಮನೆ ಕುಳಿತರು. ನಾನು ಕುರ್ಚಿಯನ್ನು ಇವರ ಎದುರಿಗೆ ತಿರುಗಿಸಿಕೊಂಡು, ನಾಚಿಕೆ ಬಿಟ್ಟು, ಮೇಜನ್ನು ಬಸ್ಸಿನ ತಗಡಿಗೆ ಬಡಿದಂತೆ ಎರಡು ಸಲ ಬಡಿದೆ. "ರೈಟ್ ಪೋಯಿ!" ಎಂದು ಬಸ್ಸು ಹೊರಡಿಸುವಂತೆ ಕೂಗಿ, ಉಡುಪಿಯಿಂದಾಚೆಯ ಸ್ಟಾಪುಗಳನ್ನು ಹೇಳತೊಡಗಿದೆ. "ಕಿನ್ನಿಮುಲ್ಕಿ... ಬಲಾಯಿಪಾದೆ..."

ಇವರ ಹುಬ್ಬು ಮೇಲೇರಿತು. ಈ ಟೀಚರಿಗೆ ಮರುಳು ಹಿಡಿಯಿತೇ ಎನ್ನುವ ಹಾಗೆ ನೋಡಿದರು. ನಾನು ಬಿಡಲಿಲ್ಲ. ಮತ್ತೆ ಮೇಜು ಬಡಿದು ಮೊದಲಿಂದ ಶುರುಮಾಡಿದೆ. ಬಲಾಯಿಪಾದೆ ಎಂದು ನಿಲ್ಲಿಸಿದೆ.

"ಉ..." ಎಂದರು. "ಉದ್ಯಾವರ."

"ಕಟಪಾಡಿ," ಎಂದರು, ತೊದಲಿಲ್ಲ. "ಪಾಂಗಾಳ. ಕಾಪು." ಸ್ವರ ಒಡೆದಿತ್ತು, ಹಳೆಯ ಜೋರು ಇರಲಿಲ್ಲ, ಆದರೆ ಅದೇ ರಾಗ. "ಮೂಳೂರು. ಉಚ್ಚಿಲ."

ಹೊರಗೆ ಗುಡುಗಿತು. ಕರೆಂಟು ಹೋಯಿತು, ರೂಟರಿನ ದೀಪಗಳು ಆರಿದವು. ಮೇಡಂ ಮುಖ ಪರದೆಯಲ್ಲಿ ಹಾಗೆಯೇ ನಿಂತಿತು. ಕೀಬೋರ್ಡಿನ ದೀಪ ಬೆಳ್ಳಗೇ ಇತ್ತು. ಇವರ ಎಡಗೈ ತೊಡೆಯ ಮೇಲಿತ್ತು. ಈ ಸಲ ಯಾರೂ ಏನೂ ಒತ್ತಿರಲಿಲ್ಲ.

ಇವರು ಪರದೆಯ ಕಡೆ ತಿರುಗಲೂ ಇಲ್ಲ. ನನ್ನನ್ನೇ ನೋಡುತ್ತಾ ದನಿ ತಗ್ಗಿಸಿದರು.

"ಎರ್ಮಾಳ್... ಟೀಚರ್, ಜಪ್ಪುಲೆ."

ನಾನು ಕುರ್ಚಿಯಿಂದ ಎದ್ದು ನಿಂತೆ.