ಪೂರ್ತಿ ಒಂದು ನಿಮಿಷ

ದಾಖಲೆ ಕೋಣೆಯ ಅಕ್ಕನಿಗೆ ನಾವು ನರ್ಸ್‌ಗಳು ಇಟ್ಟ ಹೆಸರು ‘ಕೊಕ್ಕೆ’. ಏನು ಕೊಟ್ಟರೂ ಒಂದು ಕೊಕ್ಕೆ ತೆಗೆಯುತ್ತಿದ್ದ ಮಹಾರಾಯ್ತಿ! ನಮ್ಮದೂ ಸೇರಿದಂತೆ ಹದಿನಾಲ್ಕು ಆಸ್ಪತ್ರೆಗಳು ಕೂಡಿ ಮಕ್ಕಳ ನ್ಯುಮೋನಿಯಾದ ಮೇಲೆ ಕಣ್ಣಿಡುವ ಜಾಲವೊಂದಿದೆ. ಕೆಮ್ಮೆಂದು ಬಂದ ಪ್ರತಿ ಮಗುವಿನ ಫಾರಂ ಅವಳ ಕೈ ದಾಟಿಯೇ ಅದಕ್ಕೆ ಸೇರಬೇಕಿತ್ತು.

ಒಂದು ಬೆಳಿಗ್ಗೆ ಫಾರಂಗಳ ಕಟ್ಟು ಹಿಡಿದು ವಾರ್ಡಿಗೇ ಬಂದಳು.

“ಏನಮ್ಮಾ, ನೀನು ನೋಡಿದ ಮಕ್ಕಳೆಲ್ಲ ಜೋಡಿ ಜೋಡಿಯಾಗೇ ಉಸಿರಾಡ್ತವಾ? ನಲವತ್ತೆರಡು, ನಲವತ್ತಾರು, ನಲವತ್ತೆಂಟು. ಒಂದಾದ್ರೂ ಬೆಸ ಸಂಖ್ಯೆ ಇಲ್ವಲ್ಲ!”

ನನಗೆ ಮೈಯೆಲ್ಲ ಉರಿಯಿತು. “ಅರ್ಧ ನಿಮಿಷ ಎಣಿಸಿ ಎರಡರಷ್ಟು ಬರೀತೀನಿ ಅಕ್ಕಾ. ಹೊರಗಿನ ಸಾಲು ನೋಡಿದ್ರಾ? ಕುರ್ಚೀಲಿ ಕೂತು ಹೇಳೋದು ಸುಲಭ.”

“ಎಳೆಮಕ್ಕಳ ಉಸಿರು ಒಂದೇ ಸಮ ಇರಲ್ಲ ಕಣೇ. ವರ್ಷ ತುಂಬದ ಮಗೂಗೆ ನಿಮಿಷಕ್ಕೆ ಐವತ್ತು ಮುಟ್ಟಿದ್ರೆ ನ್ಯುಮೋನಿಯಾ ಔಷಧಿ. ನಲವತ್ತೆಂಟಾದ್ರೆ ಬರೀ ಕೆಮ್ಮು ಅಂತ ಮನೆಗೆ ಕಳಿಸ್ತೀವಿ. ನಿನ್ನ ನಲವತ್ತೆಂಟು ನಿಜಕ್ಕೂ ಎಷ್ಟು?”

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ನನಗಾಗಿಯೇ ಹುಟ್ಟಿರಬೇಕು.

ಆ ವಾರ ಹಾಗೆ ಮನೆಗೆ ಹೋದ ಮಕ್ಕಳು ಆರು. ಅಕ್ಕ ಎಲ್ಲರ ಮನೆಗೂ ಫೋನ್ ಮಾಡಿದಳು. ನಾನು ಪಕ್ಕದಲ್ಲಿ ಉಗುರು ಕಡಿಯುತ್ತ ಕೂತೆ. ಐದು ಮಕ್ಕಳು ಆಡಿಕೊಂಡಿದ್ದವು. ಆರನೆಯದು ಎಂಟು ತಿಂಗಳ ಹೆಣ್ಣುಮಗು. ಮೂರು ಸಲ ಮಾಡಿದರೂ ಯಾರೂ ಫೋನ್ ಎತ್ತಲಿಲ್ಲ. ದೇವರೇ, ಅದಕ್ಕೇನಾದರೂ ಆಗಿದ್ದರೆ ಕೊಂದವಳು ನಾನೇ ಅಂದುಕೊಂಡೆ.

ಅಕ್ಕ ಕಂಪ್ಯೂಟರಿನಲ್ಲಿ ಜಾಲದ ಪಟ್ಟಿ ತೆರೆದು, ಉಳಿದ ಆಸ್ಪತ್ರೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು ಹುಡುಕತೊಡಗಿದಳು. ಒಂಬತ್ತನೆಯದರಲ್ಲಿ ಸಿಕ್ಕಿತು. ನಿನ್ನೆ ಸೇರಿಸಿದ್ದಾರೆ. ಉಸಿರು ಅರವತ್ತೊಂದು, ಆಮ್ಲಜನಕ ಹಾಕಿದ್ದಾರೆ. ಕೂಡಲೇ ಅಲ್ಲಿಗೆ ಫೋನ್ ಹಚ್ಚಿದಳು.

“ಬದುಕಿದೆಯಾ ಅಕ್ಕಾ?”

“ಇದೆ. ಬೆಳಿಗ್ಗೆ ಹಾಲು ಕುಡೀತಂತೆ.”

ನಾನು ಮೇಜಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತೆ. ಅವಳು ತನ್ನ ಕೈಗಡಿಯಾರ ಬಿಚ್ಚಿ ನನ್ನ ಮುಂದಿಟ್ಟು, “ಸೆಕೆಂಡಿನ ಮುಳ್ಳು ಪೂರ್ತಿ ಒಂದು ಸುತ್ತು ಬರಬೇಕು” ಎಂದಳು.

ಮರುದಿನ ನನ್ನ ಮೊದಲ ಫಾರಂನಲ್ಲಿ ನಲವತ್ತಮೂರು ಎಂದಿತ್ತು. ಅಕ್ಕ ಅದನ್ನು ಕೊಕ್ಕೆ ತೆಗೆಯದೆ ತೆಗೆದುಕೊಂಡಳು.

ಅವಳು ನಿವೃತ್ತಳಾಗಿ ಮೂರು ವರ್ಷವಾಯಿತು. ಗಡಿಯಾರ ನನ್ನ ಕೈಯಲ್ಲೇ ಇದೆ, ಹೊರಗಿನ ಸಾಲು ಇನ್ನಷ್ಟು ಉದ್ದವಾಗಿದೆ. ಅರ್ಧ ನಿಮಿಷಕ್ಕೇ ಏಳಲು ಹೋಗುವ ಹೊಸ ಹುಡುಗಿಯರನ್ನು ನಾನು ಕೈಹಿಡಿದು ಕೂರಿಸುತ್ತೇನೆ. ಅವರು ನನಗೂ ಒಂದು ಹೆಸರಿಟ್ಟಿದ್ದಾರೆ: ‘ಕೊಕ್ಕೆ’.