ಹಾಯ್ಗುಳಿಯ ಪಾಲು

ತಲ್ಲೂರಿನ ನಮ್ಮ ಗದ್ದೆಯಂಚಿನಲ್ಲಿ ಒಂದು ಕಲ್ಲಿತ್ತು. ಅದೇ ನಮ್ಮ ಮನೆಯ ದೈವ, ಹಾಯ್ಗುಳಿ. ದೀಪಾವಳಿ ಕಳೆದ ಮೇಲೆ ವರ್ಷಕ್ಕೊಮ್ಮೆ ಅಮ್ಮ ಕೋಳಿ ಸಾರು ಮಾಡಿ ಮೊದಲ ಎಲೆಯನ್ನು ಅದಕ್ಕೆ ಬಡಿಸುತ್ತಿದ್ದಳು. ಅದು ಉಣ್ಣದೆ ನಾವು ಉಣ್ಣುವಂತಿರಲಿಲ್ಲ.

ಊರಿಗೆ ಮೊಬೈಲು ಬಂದ ವರ್ಷ, ಮುಂಬೈಯಲ್ಲಿ ಹೋಟೆಲು ಇಟ್ಟಿದ್ದ ಚಿಕ್ಕಪ್ಪ ಆ ಕಲ್ಲಿಗೊಂದು ಗುಡಿ ಕಟ್ಟಿಸಿದರು. ನೆಲಕ್ಕೆ ಟೈಲ್ಸ್, ಬಾಗಿಲಿಗೆ ಕಬ್ಬಿಣದ ಗೇಟು, ಪೂಜೆಗೆ ಭಟ್ಟರು.

"ಇಷ್ಟ್ ದಿನ ನೀವ್ ಮಾಡಿದ್ದ್ ಬರೀ ರೂಢಿ. ಧರ್ಮ ಅಂದ್ರೆ ಇದ್. ಇನ್ ಕೋಳಿ ಗೀಳಿ ಎಲ್ಲ ಆತಿಲ್ಲೆ" ಎಂದರು ಭಟ್ಟರು. ಚಿಕ್ಕಪ್ಪ ಕೈಮುಗಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಗುಡಿಯೊಳಗೆ ನಿಂತು ಕೋಳಿಯ ಪರವಾಗಿ ವಾದಿಸುವುದು ಹೇಗೆ?

ಮುಂದಿನ ವರ್ಷವೂ ಅಮ್ಮ ಸಾರು ಮಾಡಿದಳು, ಎಲೆ ಹಿಡಿದುಕೊಂಡು ಹೊರಟಳು. ನಾನು ಹಿಂದೆಯೇ ಹೋದೆ. ಗೇಟಿಗೆ ಬೀಗ ಹಾಕಿತ್ತು. ಒಳಗೆ ಹಾಯ್ಗುಳಿಯ ಮುಂದೆ ಎರಡು ಬಾಳೆಹಣ್ಣು.

"ದೇವ್ರಾದ್ ಮೇಲೆ ಹೊಟ್ಟಿ ಹಸೂದಿಲ್ಯಾ ಮಗಾ?" ಎಂದಳು.

ನನ್ನ ಹತ್ತಿರ ಬೀಗದ ಕೈ ಇರಲಿಲ್ಲ. ಎಲೆಯನ್ನು ಹಾಗೆಯೇ ವಾಪಸು ತಂದೆವು. ಆ ಮಧ್ಯಾಹ್ನ ನಾವೆಲ್ಲ ಉಂಡೆವು. ಹಾಯ್ಗುಳಿ ಇನ್ನೂ ಉಂಡಿಲ್ಲವೆಂದು ಅಮ್ಮ ಮಾತ್ರ ಊಟಕ್ಕೆ ಕೂರಲೇ ಇಲ್ಲ.