ಎಲ್ಕ್ ಹಳ್ಳದ ಸೇತುವೆ ಕಟ್ಟಿಸಿದ ವೆರ್ನಾ

ನಮ್ಮ ಗೂಡ್ಸ್ ರೈಲಿನ ದಾರಿ ನದಿದಂಡೆಯ ವೆಸ್ಟ್ರಪ್‌ನಲ್ಲಿ ಹೊರಟು, ಅಮೆರಿಕದ ಡಕೋಟಾ ಬಯಲಿನಲ್ಲಿ ಮೂರು ಊರು ದಾಟಿ, ಎಲ್ಕ್ ಹಳ್ಳದ ಮರದ ಸೇತುವೆಯ ಮೇಲೆ ಹಾದು ನಮ್ಮೂರು ಬ್ರೆನ್‌ಗೆ ಬಂದು ನಿಲ್ಲುತ್ತಿತ್ತು. ಅಲ್ಲಿಂದಾಚೆ ಬರೀ ಗೋಧಿ ಹೊಲ. ಆ ಹಳಿ ಹಾಕಿದವರಲ್ಲಿ ವೆರ್ನಾ ಟ್ವೆಟ್‌ಳ ಅಜ್ಜನೂ ಒಬ್ಬ. ಹೆದ್ದಾರಿ ಬಂದ ಮೇಲೆ ಜನ ರೈಲು ಹತ್ತುವುದನ್ನು ಬಿಟ್ಟರು. ಗೋಧಿ, ಕಲ್ಲಿದ್ದಲು, ಗೊಬ್ಬರ ಮಾತ್ರ ಉಳಿದವು. ವಿಧವೆ ವೆರ್ನಾ ಬ್ರೆನ್ ಸ್ಟೇಷನ್ ನೋಡಿಕೊಳ್ಳುವ ಏಜೆಂಟ್ ಆಗಿದ್ದಳು.

ಒಂದು ವಸಂತದಲ್ಲಿ ಹಿಮ ಕರಗಿ ಬಂದ ನೆರೆ ಸೇತುವೆಯ ನಡುಭಾಗವನ್ನು ಕೊಚ್ಚಿಕೊಂಡು ಹೋಯಿತು. ಗೋಧಿ ತುಂಬಿದ ವ್ಯಾಗನ್‌ಗಳು ನಮ್ಮ ಕಡೆ ಸಿಕ್ಕಿಬಿದ್ದವು. ರೈಲು ಕಂಪನಿಯವರು ಫೋನಿನಲ್ಲಿ, "ನಾವಂತೂ ಕಟ್ಟಲ್ಲ. ನೀವೇ ಕಟ್ಕೊಂಡ್ರೆ ಗಾಡಿ ಕಳಿಸ್ತೀವಿ" ಎಂದರು. ವೆರ್ನಾ ಆ ಮಾತನ್ನು ನಂಬಿ, ಸೇತುವೆ ಕಟ್ಟಲು ಜನರನ್ನು ಕರೆಯುತ್ತ ಮನೆಮನೆ ಸುತ್ತಿದಳು.

ಅವಳ ತಮ್ಮ ಆರ್ಲೋ ಹೊಸದಾಗಿ ಲಾರಿ ಕೊಂಡಿದ್ದ. "ಹೋಗ್ಲಿ ಬಿಡಕ್ಕ, ನನ್ ಲಾರಿ ಇದೆಯಲ್ಲ" ಎಂದ.

"ಇಡೀ ಊರಿನ ಗೋಧಿ ನಿನ್ ಲಾರೀಲಿ ಹಿಡಿಯುತ್ತೇನೋ ಪೆದ್ದ? ಹಳಿ ಹೋದ್ರೆ ಗೋದಾಮು ಮುಚ್ಚುತ್ತೆ, ಆಮೇಲೆ ಅಂಗಡಿ, ಆಮೇಲೆ ಶಾಲೆ. ಯಾರಿಗೋಸ್ಕರ ಓಡಿಸ್ತೀಯ ಲಾರಿ?"

ನಾವು ಹಳೆಯ ಕೊಟ್ಟಿಗೆಗಳನ್ನು ಕಿತ್ತು ತೊಲೆ ತಂದೆವು. ಕೊರೆಯುವ ನೀರಿನಲ್ಲಿ ಸೊಂಟದವರೆಗೆ ನಿಂತೆವು. ವೆರ್ನಾಳೂ ನಿಂತಳು. ಕೊನೆಗೆ ಆರ್ಲೋ ತನ್ನ ಲಾರಿಯಲ್ಲೇ ಕಂಬಗಳನ್ನು ಹೇರಿಕೊಂಡು ತಂದ. ಒಂದು ಕಂಬ ಜಾರಿ ಅವನ ಎಡಗೈ ಜಜ್ಜಿಹೋಯಿತು. ಆದರೂ ಸೇತುವೆ ಎದ್ದಿತು. ಕಂಪನಿಯವರು ಬಂದು ನೋಡಿ, ಸೇತುವೆ ಗಟ್ಟಿಯಾಗಿದೆ ಎಂದು ಒಪ್ಪಿಕೊಂಡರು.

ಎಂಜಿನ್ ಬಂದ ದಿನ ಚರ್ಚಿನ ಗಂಟೆ ಬಾರಿಸಿದೆವು. ಚಾಲಕ ಡೆಲ್ಮರ್ ವೆರ್ನಾಳ ಹಳೆಯ ಸ್ನೇಹಿತ. ಆದರೆ ಅವನು ಕೂಡಲೇ ಕೆಳಗಿಳಿಯಲಿಲ್ಲ.

"ಬಾರೋ, ಕಾಫಿ ಆರ್ತಾ ಇದೆ" ಎಂದು ವೆರ್ನಾ ಕೂಗಿದಳು.

"ವ್ಯಾಗನ್ ಎಲ್ಲ ಎಳ್ಕೊಂಡು ಬಾ ಅಂದಿದಾರೆ, ವೆರ್ನಾ. ಅವರಿಗೆ ಬೇಕಿದ್ದಿದ್ದು ಇಲ್ಲಿ ಸಿಕ್ಕಿಬಿದ್ದ ವ್ಯಾಗನ್ ಅಷ್ಟೇ. ಇದೇ ಕಡೇ ಗಾಡಿ. ಹಳಿ ಕೀಳೋಕೆ ಜನಾನೂ ಗೊತ್ತು ಮಾಡಿದಾರೆ."

"ತಮಾಷೆ ಸಾಕು."

ಅವನು ನಗಲಿಲ್ಲ. ವ್ಯಾಗನ್‌ಗಳನ್ನು ಜೋಡಿಸುವಷ್ಟರಲ್ಲಿ ವೆರ್ನಾ ಸೇತುವೆಯ ಬಾಯಲ್ಲಿ, ಹಳಿಯ ನಡುವೆ ಹೋಗಿ ನಿಂತಳು. ಬೈದಳು, ಅಂಗಲಾಚಿದಳು. ಡೆಲ್ಮರ್ ಇಳಿದು ಬಂದು ಟೋಪಿ ತೆಗೆದ. "ನಾನು ಹೋಗ್ದೇ ಇದ್ರೆ ನಾಳೆ ಇನ್ನೊಬ್ಬನ್ನ ಕಳಿಸ್ತಾರೆ. ಒಳಗಿರೋದು ನಿಮ್ಮದೇ ಗೋಧಿ. ಮೊಳಕೆ ಒಡೆದ್ರೆ ಏನ್ಮಾಡ್ತೀರಿ?"

ಆರ್ಲೋ ಪಟ್ಟಿ ಕಟ್ಟಿದ ಕೈಯಿಂದ ಅವಳ ಭುಜ ಬಳಸಿದ. "ಬಾರಕ್ಕ."

ಅವಳು ಪಕ್ಕಕ್ಕೆ ಸರಿದಳು. ವ್ಯಾಗನ್‌ಗಳು ಒಂದೊಂದಾಗಿ ದಾಟಿದವು. ನಮ್ಮ ಕಂಬಗಳು ಒಂದಿಷ್ಟೂ ಅಲುಗಲಿಲ್ಲ.

ಹಳಿ ಕೀಳುವವರು ಬಂದಾಗ, ತಂಗಲೆಂದು ಸ್ಟೇಷನ್ನಿನ ಕೀಲಿಯನ್ನು ವೆರ್ನಾಳೇ ಅವರಿಗೆ ಕೊಟ್ಟಳು. "ಒಲೆ ಹೊಗೆ ಕಟ್ಟುತ್ತೆ, ಕಿಟಕಿ ತೆಗೆದಿಟ್ಕೊಳ್ಳಿ" ಎಂದಷ್ಟೇ ಹೇಳಿ ಮನೆಯ ಕಡೆ ನಡೆದಳು.